ಟೆರೇಸ್ ಮೇಲೆ ಗಾಳಿಯಂತ್ರ ಹಾಕ್ಸೋ ಮುಂಚೆ ಒಂದ್ ಲೆಕ್ಕ

ವಾಟ್ಸಾಪಲ್ಲಿ ಒಂದು ವಿಡಿಯೋ ವರ್ಷಗಟ್ಟಲೆಯಿಂದ ಸುತ್ತಾಡ್ತಾನೇ ಇದೆ, ನಿಮಗೂ ಬಂದಿರತ್ತೆ. ಇಸ್ತಾಂಬುಲ್ ರಸ್ತೆ, ಮಧ್ಯ ಡಿವೈಡರ್ ಮೇಲೆ ಕಂಬದ ಥರ ನೆಟ್ಟಗೆ ನಿಂತಿರೋ ಯಂತ್ರ, ಪಕ್ಕದಲ್ಲಿ ಬಸ್ ಹೋದ್ರೆ ಸಾಕು ಗಿರ್ ಅಂತ ತಿರುಗತ್ತೆ, ಕೆಳಗೆ "ನಮ್ ದೇಶದಲ್ಲಿ ಯಾಕಿಲ್ಲ???" ಅಂತ ಮೂರು ಪ್ರಶ್ನಾರ್ಥಕ ಚಿಹ್ನೆ. ಎನ್ಲಿಲ್ ಅಂತ ಆ ಯಂತ್ರದ ಹೆಸರು, ಸುಮೇರಿಯನ್ನರ ಗಾಳಿ ದೇವರದ್ದು. 2021ರಲ್ಲಿ ಆನಂದ್ ಮಹೀಂದ್ರಾನೇ ಇದನ್ನ ಟ್ವೀಟ್ ಮಾಡಿ ನಿತಿನ್ ಗಡ್ಕರಿಯವ್ರನ್ನ ಟ್ಯಾಗ್ ಮಾಡಿದ್ರು, ಆಮೇಲಂತೂ ಇದು ನಮ್ಮ ಎಲ್ಲಾ ಫ್ಯಾಮಿಲಿ ಗ್ರೂಪಿಗೂ ಖಾಯಂ ಮೆಂಬರ್ ಆಗ್ಬಿಡ್ತು.

ನಾನು ಅದಕ್ಕೆಲ್ಲ ಒಂದು ಥಂಬ್ಸಪ್ ಒತ್ತಿ ಸುಮ್ನಾಗ್ತಿದ್ದೆ. ಈಗ ಬರೀತಿರೋದು ಯಾಕಂದ್ರೆ ಚಿತ್ರದುರ್ಗದಲ್ಲಿರೋ ನಮ್ಮ ಸೋದರಮಾವ ಈ ಸಲ ವಿಡಿಯೋ ಬದ್ಲು, ಟೆರೇಸ್ ಮೇಲೆ ಹಾಕೋ ಇಂಥದೇ ಯಂತ್ರದ ಬ್ರೋಷರ್ ಫೋಟೋ ಕಳ್ಸಿದಾರೆ. ಯಾರೋ ಮನೆ ಬಾಗಿಲಿಗೇ ಬಂದು ಕೊಟ್ಟು ಹೋಗಿದಾರಂತೆ. "ನಮ್ಮೂರು ಗಾಳಿ ಊರು ಕಣಯ್ಯ, ಜೋಗಿಮಟ್ಟಿ ಮೇಲೆ ಅಷ್ಟೊಂದು ಫ್ಯಾನ್ ತಿರುಗ್ತಾವೆ, ನಮ್ಮನೆ ಮೇಲೆ ಒಂದು ತಿರುಗಲ್ವಾ?" ಅಂತ ವಾಯ್ಸ್ ಮೆಸೇಜು. ತಿರುಗತ್ತೆ ಮಾವ, ತಿರುಗೋದೇನು ದೊಡ್ಡ ವಿಷಯ ಅಲ್ಲ. ಪೀಣ್ಯ ಕಡೆ ಯಾವ ಫ್ಯಾಕ್ಟರಿ ಶೆಡ್ ನೋಡಿದ್ರೂ ಸೂರಿನ ಮೇಲೆ ಗುಂಡಗೆ ಸ್ಟೀಲಿನ ಉಂಡೆಗಳು ಹಗಲೂ ರಾತ್ರಿ ತಿರುಗ್ತಾ ಇರ್ತಾವಲ್ಲ, ಅವೂ ಇದರ ಹಾಗೇ ನೆಟ್ಟಗೆ ನಿಂತ ಅಚ್ಚಿನ (ನಡುಗಂಬದ) ಮೇಲೇ ತಿರುಗೋದು, ಅವುಗಳಿಂದ ಒಂದು ಯೂನಿಟ್ಟೂ ಬರಲ್ಲ, ಒಳಗಿನ ಬಿಸಿಗಾಳಿ ಹೊರಗೆ ಹಾಕೋದಷ್ಟೇ ಅವುಗಳ ಕೆಲಸ. (ಅದು ಕರೆಂಟ್ ತಯಾರಿಸೋ ಯಂತ್ರ ಅಂತ ಇವತ್ತಿಗೂ ನಂಬಿರೋರು ನಂಗೆ ಗೊತ್ತಿದಾರೆ.)

ಸರಿ, ಮೊದ್ಲು ಈ ಯಂತ್ರ ಏನು ಅಂತ. ಗುಡ್ಡದ ಮೇಲಿರೋ ಮೂರು ರೆಕ್ಕೆಯ ಫ್ಯಾನುಗಳ ಅಚ್ಚು ನೆಲಕ್ಕೆ ಸಮನಾಗಿ ಮಲಗಿರತ್ತೆ, ಗಾಳಿ ಯಾವ ಕಡೆಯಿಂದ ಬರತ್ತೋ ಆ ಕಡೆಗೆ ಇಡೀ ತಲೆ ತಿರುಗಿಸ್ಕೋಬೇಕು, ಅದಕ್ಕೆ ಬೇರೆ ಮೋಟಾರು, ಸೆನ್ಸರ್ರು. ನಿಂತ ಅಚ್ಚಿನದ್ದಕ್ಕೆ ಆ ತಾಪತ್ರಯ ಇಲ್ಲ, ಗಾಳಿ ಪಶ್ಚಿಮದಿಂದಾದ್ರೂ ಬರ್ಲಿ ಪೂರ್ವದಿಂದಾದ್ರೂ ಬರ್ಲಿ ಅದು ಒಂದೇ ಕಡೆ ತಿರುಗತ್ತೆ. ಜನರೇಟರ್ ಗೇರುಬಾಕ್ಸ್ ಎಲ್ಲ ಕೆಳಗೇ ಇಡಬಹುದು, ನೂರು ಮೀಟರ್ ಮೇಲೆ ಹತ್ತಿ ರಿಪೇರಿ ಮಾಡೋ ಕಷ್ಟ ಇಲ್ಲ. ಕೇಳಿದ್ರೆ ಎಷ್ಟು ಚೆನ್ನಾಗಿದೆ ಅಲ್ವಾ, ಹಾಗಿದ್ರೆ ಪ್ರಪಂಚ ತುಂಬ ಇದೇ ಯಾಕಿಲ್ಲ ಅಂತ ಯಾರಿಗಾದ್ರೂ ಅನ್ಸತ್ತೆ. ಐಡಿಯಾ ಹೊಸದೂ ಅಲ್ಲ, ಇರಾನಿನ ನಶ್ತಿಫಾನ್ ಅನ್ನೋ ಊರಲ್ಲಿ ಮಣ್ಣು ಮರದಲ್ಲಿ ಕಟ್ಟಿದ ಇಂಥ ಬೀಸೋ ಯಂತ್ರಗಳು ಈಗ್ಲೂ ನಿಂತಿವೆ, ಅಲ್ಲಿ ಬೇಸಿಗೆಯಲ್ಲಿ ನೂರಿಪ್ಪತ್ತು ದಿನದ ಗಾಳಿ ಅಂತಾನೇ ಹೆಸರಿರೋ ಒಂದು ಗಾಳಿ ಬೀಸತ್ತೆ, ಅದನ್ನ ನಂಬ್ಕೊಂಡು ಧಾನ್ಯ ಬೀಸ್ತಿದ್ರು. ಆ ಸೀಮೆಯ ಗಾಳಿಗಿರಣಿಗಳ ವಿಷಯ ಹತ್ತನೇ ಶತಮಾನದ ಬರವಣಿಗೆಯಲ್ಲೇ ಇದೆ.

ಇದರಲ್ಲಿ ಎರಡು ಜಾತಿ. ಒಂದು ಸವೋನಿಯಸ್, ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ಮಾಡಿದ್ದು. ಒಂದು ಡ್ರಮ್ಮನ್ನ ಉದ್ದಕ್ಕೆ ಎರಡು ಹೋಳು ಮಾಡಿ ಸ್ವಲ್ಪ ಸರಿಸಿ ಜೋಡಿಸಿದ್ರೆ ಅದೇ ಸವೋನಿಯಸ್. ಗಾಳಿ ತಳ್ಳತ್ತೆ, ಅದು ತಿರುಗತ್ತೆ, ಅಷ್ಟೇ. ತಳ್ಳಿಸ್ಕೊಂಡು ಹೋಗೋದು ತಳ್ಳೋನಿಗಿಂತ ಜಾಸ್ತಿ ಜೋರಾಗಿ ಹೋಗೋಕಾಗಲ್ಲ, ಹಾಗಾಗಿ ಇದು ಯಾವಾಗ್ಲೂ ನಿಧಾನ, ಆದ್ರೆ ಕಮ್ಮಿ ಗಾಳಿಗೂ ತಾನಾಗೇ ಶುರುವಾಗತ್ತೆ, ಎಳೆಯೋ ಬಲ ಚೆನ್ನಾಗಿರತ್ತೆ. ಇನ್ನೊಂದು ಡ್ಯಾರಿಯಸ್, ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಡ್ಯಾರಿಯಸ್ದು, ಪೇಟೆಂಟಿಗೆ ಅರ್ಜಿ ಹಾಕಿದ್ದು 1925ರಲ್ಲಿ. ಇದರಲ್ಲಿ ತೆಳ್ಳಗಿನ ರೆಕ್ಕೆಗಳು ಬಿಲ್ಲಿನ ಹಾಗೆ ಬಾಗಿ ಮೇಲೆ ಕೆಳಗೆ ಅಚ್ಚಿಗೆ ಸೇರ್ಕೊಂಡಿರ್ತಾವೆ, ದೂರದಿಂದ ನೋಡಿದ್ರೆ ಯಾರೋ ದೈತ್ಯ ಮಜ್ಜಿಗೆ ಕಡಿಯೋ ಕಡಗೋಲನ್ನ ತಲೆಕೆಳಗಾಗಿ ನೆಟ್ಟಿಟ್ಟ ಹಾಗಿರತ್ತೆ. ಇದು ಗಾಳಿ ತಳ್ಳೋದ್ರಿಂದ ತಿರುಗಲ್ಲ, ವಿಮಾನವನ್ನ ಮೇಲೆತ್ತೋ ಲಿಫ್ಟ್ ಇದೆಯಲ್ಲ ಅದೇ ಬಲದಿಂದ ತಿರುಗತ್ತೆ, ಅದಕ್ಕೇ ರೆಕ್ಕೆ ಗಾಳಿಗಿಂತ ನಾಲ್ಕೈದು ಪಟ್ಟು ವೇಗವಾಗಿ ಓಡಬಲ್ದು. ಆದ್ರೆ ನಿಂತಿದ್ದಾಗ ಆ ಲಿಫ್ಟ್ ಹುಟ್ಟೋದು ಕಷ್ಟ, ಹಾಗಾಗಿ ಸಾಮಾನ್ಯವಾಗಿ ಮೋಟಾರು ಹಾಕಿ ಒಂದ್ಸಲ ಚಾಲೂ ಮಾಡ್ಬೇಕು. ಈಗ ಮಾರ್ಕೆಟ್ಟಲ್ಲಿ ಬರೋ ಸುರುಳಿ ರೆಕ್ಕೆಯವು, ಎಚ್ ಆಕಾರದವು ಎಲ್ಲ ಇವೆರಡರ ಮರಿಮಕ್ಕಳೇ.

ಈಗ ಮಾವನ ಬ್ರೋಷರಿಗೆ ಬರೋಣ. ಅದರಲ್ಲಿರೋದು: ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ, 1 ಕಿಲೋವ್ಯಾಟ್, ಸೆಕೆಂಡಿಗೆ 12 ಮೀಟರ್ ಗಾಳಿಯಲ್ಲಿ. ಹಿಂದೆ ಹಸಿರು ಹುಲ್ಲು, ನೀಲಿ ಆಕಾಶ, ನಗ್ತಿರೋ ಒಂದು ಕುಟುಂಬ.

ಗಾಳಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ಗಾಳಿಯ ಸಾಂದ್ರತೆಯ ಅರ್ಧ, ಗುಣಿಸು ಯಂತ್ರ ಗಾಳಿಗೆ ಅಡ್ಡ ಹಿಡಿಯೋ ಜಾಗ, ಗುಣಿಸು ವೇಗದ ಘನ. ಘನ ಅನ್ನೋದನ್ನ ಗಮನಿಸಿ, ಇಡೀ ಕಥೆ ಇರೋದು ಅಲ್ಲೇ. ಮಾವನ ಯಂತ್ರ ಅಡ್ಡ ಹಿಡಿಯೋದು ಒಂದೂವರೆ ಚದರ ಮೀಟರ್. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಗಾಳಿ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕೆಜಿ. 12 ಮೀಟರ್ ವೇಗಕ್ಕೆ ಲೆಕ್ಕ ಹಾಕಿದ್ರೆ ಆ ಜಾಗದಲ್ಲಿ ಹಾದುಹೋಗೋ ಗಾಳಿಯಲ್ಲಿ ಇರೋದೇ ಒಟ್ಟು 1,425 ವ್ಯಾಟ್ ಚಿಲ್ಲರೆ. ಅದನ್ನಷ್ಟೂ ಹೀರ್ಕೊಳ್ಳೋಕಾಗಲ್ಲ, ಹೀರಿದ್ರೆ ಗಾಳಿ ಅಲ್ಲೇ ನಿಂತುಹೋಗ್ಬೇಕು, ಹಿಂದಿನ ಗಾಳಿ ಬರೋಕೆ ಜಾಗ ಎಲ್ಲಿ? ಜರ್ಮನಿಯ ಆಲ್ಬರ್ಟ್ ಬೆಟ್ಜ್ ಅನ್ನೋರು ನೂರು ವರ್ಷದ ಹಿಂದೆನೇ ಇದಕ್ಕೊಂದು ಮಿತಿ ಲೆಕ್ಕ ಹಾಕಿ ಇಟ್ಟಿದಾರೆ, ಹೆಚ್ಚಂದ್ರೆ ಶೇಕಡಾ 59.3. ಅಂದ್ರೆ ದೇವರೇ ಬಂದು ಆ ಯಂತ್ರ ಮಾಡಿದ್ರೂ 845 ವ್ಯಾಟ್ ಮೇಲೆ ಬರಲ್ಲ. ಬ್ರೋಷರಿನವರು ಸಾವಿರ ಅಂತ ಬರ್ದಿದಾರೆ! ಒಳ್ಳೇ ಡ್ಯಾರಿಯಸ್ ಆದ್ರೆ ನೂರಕ್ಕೆ 30-35 ಹಿಡಿಬಹುದು, ಸವೋನಿಯಸ್ ಥರದ್ದಾದ್ರೆ 15-20, ಗುಡ್ಡದ ಮೇಲಿನ ದೊಡ್ಡ ಫ್ಯಾನುಗಳು 45ರ ಆಸುಪಾಸು. ಹಾಗಾಗಿ ಇದು ಆ 12 ಮೀಟರ್ ಗಾಳಿಯಲ್ಲೂ ನಾನೂರು ಚಿಲ್ಲರೆ ವ್ಯಾಟ್ ಯಂತ್ರ ಅಷ್ಟೇ.

ಆದ್ರೆ ಅದೂ ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಏನಂದ್ರೆ ಸೆಕೆಂಡಿಗೆ 12 ಮೀಟರ್ ಅಂದ್ರೆ ಗಂಟೆಗೆ 43 ಕಿಲೋಮೀಟರ್, ಆ ಗಾಳಿ ಬಂದ್ರೆ ಮಾವನ ಮನೆ ಟೆರೇಸಲ್ಲಿ ಒಣಗಾಕಿರೋ ಲುಂಗಿ ಹೊಳಲ್ಕೆರೆಯಲ್ಲಿ ಸಿಗತ್ತೆ. ಊರೊಳಗೆ ಎರಡು ಮೂರು ಮಹಡಿ ಮನೆ ಮೇಲೆ ಸರಾಸರಿ 3 ಮೀಟರ್ ಸಿಕ್ಕರೆ ಪುಣ್ಯ. 12ರಿಂದ 3ಕ್ಕೆ ಬಂದ್ರೆ ವೇಗ ನಾಲ್ಕನೇ ಒಂದು ಭಾಗ, ಶಕ್ತಿ ಮಾತ್ರ ಅರವತ್ನಾಲ್ಕನೇ ಒಂದು ಭಾಗ. ಗಾಳಿಯಲ್ಲಿರೋದೇ 22 ವ್ಯಾಟು, ಯಂತ್ರ ಐದನೇ ಒಂದು ಭಾಗ ಹಿಡಿದ್ರೆ ನಾಲ್ಕೂವರೆ ವ್ಯಾಟು. ಬಚ್ಚಲುಮನೆಗೆ ಹಾಕೋ ಸಣ್ಣ ಎಲ್ಇಡಿ ಬಲ್ಬು. ನ್ಯಾಯವಾಗಿ ಹೇಳ್ಬೇಕಂದ್ರೆ ಸರಾಸರಿ 3 ಅಂದ್ರೆ ಯಾವಾಗ್ಲೂ 3 ಇರಲ್ಲ, ಒಂದೊಂದ್ಸಲ 6 ಬೀಸತ್ತೆ, 7 ಬೀಸತ್ತೆ, ಆ ಹೊತ್ತಲ್ಲಿ ಘನದ ಮಹಿಮೆಯಿಂದ ಜಾಸ್ತಿನೇ ಬರತ್ತೆ, ಅದನ್ನೂ ಸೇರ್ಸಿ ಧಾರಾಳವಾಗಿ ಲೆಕ್ಕ ಹಾಕಿದ್ರೂ ತಿಂಗಳಿಗೆ ಆರು ಯೂನಿಟ್ ಆಸುಪಾಸು. ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್‌ವರೆಗೆ ಸರ್ಕಾರವೇ ಫ್ರೀ ಕೊಡೋ ರಾಜ್ಯದಲ್ಲಿ ಆರು ಯೂನಿಟ್ಟಿಗೋಸ್ಕರ ಯಾರಾದ್ರೂ ಗೋಡೆ ಕೊರೀತಾರಾ? ಅದೇ ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡತ್ತೆ, ಅಲುಗಾಡೋ ಭಾಗ ಒಂದೂ ಇಲ್ಲ, ಸಬ್ಸಿಡಿ ಬೇರೆ ಇದೆ.

ಮಾವನಿಗೆ ಇದನ್ನ ಹೇಳಿದ್ರೆ ಜೋಗಿಮಟ್ಟಿ ಬಿಡ್ತಾನೇ ಇಲ್ಲ. ಆದ್ರೆ ಅಲ್ಲಿರೋದು ಗುಡ್ಡದ ನೆತ್ತಿ, ಅದರ ಮೇಲೆ ಗೋಪುರ, ನೆಲದಿಂದ ಮೇಲೆ ಹೋದಷ್ಟೂ ಗಾಳಿ ಜೋರು, ಮತ್ತೆ ಮುಂಗಾರಿನ ಗಾಳಿ ಗುಡ್ಡ ಹತ್ತಿ ಇಳಿಯುವಾಗ ನೆತ್ತಿ ಮೇಲೆ ಇನ್ನೂ ವೇಗ ತಗೊಳತ್ತೆ. ಈಗ ಗದಗ, ಹಾವೇರಿ, ಕೊಪ್ಪಳ ಕಡೆ ಬರ್ತಿರೋ ಹೊಸ ಯಂತ್ರಗಳಲ್ಲಿ ರೆಕ್ಕೆ ಸುತ್ತೋ ವ್ಯಾಸ 120 ಮೀಟರ್ ಅಂತ ಇಟ್ಕೊಂಡ್ರೂ ಅದು ಅಡ್ಡ ಹಿಡಿಯೋ ಜಾಗ 11,300 ಚದರ ಮೀಟರ್, ಹತ್ತಿರ ಹತ್ತಿರ ಎರಡೂಮುಕ್ಕಾಲು ಎಕರೆ. ಎರಡೂಮುಕ್ಕಾಲು ಎಕರೆ ಗಾಳಿ ಹೊಲ ಎಲ್ಲಿ, ಒಂದೂವರೆ ಚದರ ಮೀಟರ್ ಎಲ್ಲಿ.

ಟೆರೇಸ್ ಗಾಳಿಗೆ ಇನ್ನೊಂದು ಕೆಟ್ಟ ಗುಣ ಇದೆ. ಪಕ್ಕದ ಮನೆ ಸಿಂಟೆಕ್ಸ್ ಟ್ಯಾಂಕು, ಲಿಫ್ಟ್ ರೂಮು, ತೆಂಗಿನಮರ, ಪ್ಯಾರಪಿಟ್ ಗೋಡೆ ಇವೆಲ್ಲಕ್ಕೂ ತಗುಲಿ ಒಡೆದು ಸುಳಿ ಸುಳಿಯಾಗಿ ಬರತ್ತೆ. ನಿಂತ ಅಚ್ಚಿನದ್ದು ದಿಕ್ಕು ಬದ್ಲಾದ್ರೂ ಸಹಿಸ್ಕೊಳತ್ತೆ ನಿಜ, ಇದನ್ನೇ ದೊಡ್ಡದಾಗಿ ಹೇಳಿ ಮಾರ್ತಾರೆ, ಆದ್ರೆ ಸಹಿಸ್ಕೊಳ್ಳೋದು ಬೇರೆ, ಆ ಗಾಳಿಯಲ್ಲಿ ಶಕ್ತಿ ಇರೋದು ಬೇರೆ. ಇಲ್ಲದೇ ಇರೋ ಶಕ್ತಿಯನ್ನ ಎಷ್ಟು ದಿಕ್ಕಿನಿಂದ ಹಿಡಿದ್ರೇನು. ಜೊತೆಗೆ ತಿರುಗೋ ಯಂತ್ರದ ನಡುಕ ಕಂಬದ ಮೂಲಕ ಸ್ಲ್ಯಾಬಿಗೆ ಇಳಿಯತ್ತೆ, ರಾತ್ರಿ ಕೆಳಗಡೆ ರೂಮಲ್ಲಿ ಮಲಗಿರೋರಿಗೆ ಗೂಂ ಅಂತ ಕೇಳ್ತಾನೇ ಇರತ್ತೆ. ಐಫೆಲ್ ಟವರಿಗೂ 2015ರಲ್ಲಿ ಇಂಥ ಎರಡು ಯಂತ್ರ ಹಾಕಿದ್ರು, ನೂರು ಮೀಟರಿಗಿಂತ ಮೇಲೆ, ಸುತ್ತ ಏನೂ ಅಡ್ಡ ಇಲ್ಲ, ಆಗ ಹೇಳಿದ ಅಂದಾಜು ಎರಡೂ ಸೇರಿ ವರ್ಷಕ್ಕೆ 10,000 ಯೂನಿಟ್. ನಮ್ಮಲ್ಲಿ ಏಳು ಕಿಲೋವ್ಯಾಟ್ ಸೋಲಾರ್ ಹಾಕಿದ್ರೆ ಬರೋವಷ್ಟು. ಐಫೆಲ್ ಟವರಿಗೇ ಅಷ್ಟು ಅಂದ್ಮೇಲೆ ಚಿತ್ರದುರ್ಗದ ಮೆದೇಹಳ್ಳಿ ರೋಡಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹೈವೇ ವಿಡಿಯೋ ಬಗ್ಗೆ ಜಾಸ್ತಿ ಹೇಳಲ್ಲ. ಅದರಲ್ಲಿ ಒಂದು ಜಾಣತನ ಇದೆ, ಒಪ್ಕೋಬೇಕು: ಡಿವೈಡರಿನ ಆ ಕಡೆ ಗಾಡಿಗಳು ಒಂದು ದಿಕ್ಕು, ಈ ಕಡೆ ಗಾಡಿಗಳು ಎದುರು ದಿಕ್ಕು, ಮಧ್ಯ ನಿಂತ ಅಚ್ಚಿಟ್ರೆ ಎರಡೂ ಸೇರಿ ಒಂದೇ ಕಡೆಗೆ ತಿರುಗಿಸ್ತಾವೆ. ಚೆನ್ನಾಗಿದೆ. ಆದ್ರೆ ಬಸ್ಸಿನ ಗಾಳಿ ಇರೋದು ಒಂದೆರಡು ಸೆಕೆಂಡು, ಮುಂದಿನ ಬಸ್ ಬರೋವರೆಗೆ ಏನೂ ಇಲ್ಲ, ಸರಾಸರಿ ತೆಗೆದ್ರೆ ಕೈಗೆ ಬರೋದು ಅಷ್ಟಕ್ಕಷ್ಟೇ, ವಿಡಿಯೋ ಮಾತ್ರ ಯಾವಾಗ್ಲೂ ಬಸ್ ಹೋಗೋ ಹೊತ್ತಲ್ಲೇ ತೆಗೀತಾರೆ. ಇದನ್ನ ಸಿಲ್ಕ್ ಬೋರ್ಡಲ್ಲಿ ಹಾಕಿ ಅಂತ ಒಬ್ರು ಕಮೆಂಟ್ ಹಾಕಿದ್ರು, ಅಲ್ಲಿ ಗಾಡಿ ಚಲಿಸಿದ್ರೆ ತಾನೆ ಸ್ವಾಮಿ ಗಾಳಿ.

ಹಾಗಂತ ಈ ಯಂತ್ರಾನೇ ಬೋಗಸ್ಸು ಅನ್ನೋರ ಜೊತೆ ನಾನಿಲ್ಲ. ದೊಡ್ಡ ದೊಡ್ಡ ಲ್ಯಾಬುಗಳು ಇದರ ಹಿಂದೆ ದಶಕಗಟ್ಟಲೆ ಬಿದ್ದಿದ್ವು, ಆ ಕಥೆನೇ ನಂಗೆ ಬಹಳ ಇಷ್ಟ. ಡ್ಯಾರಿಯಸ್ ಪೇಟೆಂಟು ಧೂಳು ಹಿಡಿದು ಕೂತಿತ್ತು, 1960ರ ದಶಕದ ಕೊನೆಗೆ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲಲ್ಲಿ ಪೀಟರ್ ಸೌತ್ ಮತ್ತೆ ರಾಜ್ ರಂಗಿ ಅನ್ನೋರು, ಹಿಂದೆ ಒಬ್ಬ ಇದನ್ನ ಮಾಡಿದಾನೆ ಅಂತ ಗೊತ್ತಿಲ್ದೇನೇ, ಅದೇ ಆಕಾರವನ್ನ ಮತ್ತೆ ಕಂಡುಹಿಡಿದ್ರು. ಅಷ್ಟೊತ್ತಿಗೆ 1973ರ ತೈಲ ಬಿಕ್ಕಟ್ಟು ಬಂತು, ಎಲ್ರಿಗೂ ಗಾಳಿ ನೆನಪಾಯ್ತು. ಕೆನಡಾದವರು 1977ರಲ್ಲಿ ಮ್ಯಾಗ್ಡಲೆನ್ ದ್ವೀಪದಲ್ಲಿ ಇನ್ನೂರು ಕಿಲೋವ್ಯಾಟ್ ಮೀರಿದ ಒಂದು ಡ್ಯಾರಿಯಸ್ ನಿಲ್ಲಿಸಿದ್ರು. ಮುಂದಿನ ವರ್ಷ ರಿಪೇರಿಗೆ ಅಂತ ಬ್ರೇಕ್ ಬಿಚ್ಚಿದ್ರು, ಇದು ತಾನಾಗೇ ಶುರುವಾಗೋ ಜಾತಿ ಅಲ್ವಲ್ಲ ಅಂತ ಹಾಗೇ ಬಿಟ್ರು. ಗಾಳಿ ಬಂತು, ಅದು ಶುರುವಾಯ್ತು! ತಡೆಯೋಕೆ ಬ್ರೇಕಿಲ್ಲ, ಮಿತಿ ಮೀರಿ ತಿರುಗಿ ತಿರುಗಿ ಕೊನೆಗೆ ಕುಸಿದುಬಿತ್ತು. ಪಠ್ಯಪುಸ್ತಕದಲ್ಲಿ "ತಾನಾಗಿ ಶುರುವಾಗುವುದಿಲ್ಲ" ಅಂತ ಇದ್ದಿದ್ದನ್ನ ಯಂತ್ರ ಓದಿರ್ಲಿಲ್ಲ ಪಾಪ.

ಆಮೇಲೆ ಕ್ವಿಬೆಕ್ಕಿನ ಕ್ಯಾಪ್-ಷಾ ಅನ್ನೋ ಊರಲ್ಲಿ ಏಓಲ್ ಅಂತ 110 ಮೀಟರ್ ಎತ್ತರದ್ದು ಕಟ್ಟಿದ್ರು, 3.8 ಮೆಗಾವ್ಯಾಟ್, ಈ ಜಾತಿಯಲ್ಲಿ ಇವತ್ತಿಗೂ ಅಷ್ಟೆತ್ತರದ್ದು ಬೇರೆ ಇಲ್ಲ. 1988ರ ಹೊತ್ತಿಗೆ ಓಡೋಕೆ ಶುರುವಾಗಿದ್ದು 1993ರಲ್ಲಿ ನಿಂತೋಯ್ತು, ಯಾಕೆ ಅಂದ್ರೆ ಕೆಳಗಿನ ಬೇರಿಂಗ್ ಹೋಯ್ತು. ಇಲ್ಲೇ ಮಜಾ ಇರೋದು. ಎಲ್ಲಾ ಭಾಗ ಕೆಳಗಿದ್ರೆ ರಿಪೇರಿ ಸುಲಭ ಅಂತ ಅಲ್ವಾ ಹೊಗಳೋದು? ಆದ್ರೆ ಕೆಳಗಿನ ಬೇರಿಂಗ್ ಮೇಲೆ ಇಡೀ ಯಂತ್ರದ ಭಾರ ಕೂತಿರತ್ತೆ, ಜೊತೆಗೆ ಸುತ್ತ ಬಿಗಿದು ಕಟ್ಟಿರೋ ಹಗ್ಗಗಳು ಕೆಳಕ್ಕೆ ಎಳೆಯೋ ಭಾರ ಬೇರೆ, ಅದನ್ನ ಬದ್ಲಾಯಿಸ್ಬೇಕಂದ್ರೆ ನೂರು ಮೀಟರ್ ಯಂತ್ರವನ್ನೇ ಎತ್ತಿ ಹಿಡೀಬೇಕು. ಈಗ ಅದು ತಿರುಗ್ದೇ ನಿಂತಿದೆ, ಟೂರಿಸ್ಟುಗಳು ಹೋಗಿ ಫೋಟೋ ತೆಗೆಸ್ಕೋತಾರೆ.

ಅಮೆರಿಕದಲ್ಲಿ ಸ್ಯಾಂಡಿಯಾ ಲ್ಯಾಬಿನವರು ನ್ಯೂ ಮೆಕ್ಸಿಕೋದಲ್ಲಿ ಕೂತು ಇದರ ಮೇಲೆ ತಪಸ್ಸೇ ಮಾಡಿದ್ರು, ಟೆಕ್ಸಸ್ಸಿನ ಬುಷ್‌ಲ್ಯಾಂಡಲ್ಲಿ 34 ಮೀಟರ್ ವ್ಯಾಸದ ಟೆಸ್ಟ್ ಯಂತ್ರ ನಿಲ್ಲಿಸಿದ್ರು. ಅವರ ಕೆಲಸ ನೋಡ್ಕೊಂಡು ಫ್ಲೋವಿಂಡ್ ಅನ್ನೋ ಕಂಪನಿ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಮತ್ತೆ ತೆಹಾಚಪಿ ಗುಡ್ಡಗಳ ಮೇಲೆ ಐನೂರಕ್ಕೂ ಹೆಚ್ಚು ಡ್ಯಾರಿಯಸ್ ನೆಟ್ಟಿತ್ತು. ಪ್ರಯೋಗ ಅಲ್ಲ, ಗ್ರಿಡ್ಡಿಗೆ ಕರೆಂಟ್ ಮಾರ್ತಿದ್ದ ನಿಜವಾದ ಫಾರಂ. ಅವುಗಳ ಅಲ್ಯುಮಿನಿಯಂ ರೆಕ್ಕೆಗಳು ಬಿರುಕು ಬಿಟ್ವು, ಕಂಪನಿ 1997ರಲ್ಲಿ ದಿವಾಳಿ ಆಯ್ತು.

ರೆಕ್ಕೆ ಯಾಕೆ ಬಿರುಕು ಬಿಡತ್ತೆ ಅನ್ನೋದೇ ಈ ಯಂತ್ರದ ಜಾತಕ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಗುಡ್ಡದ ಮೇಲಿನ ಫ್ಯಾನಿನ ರೆಕ್ಕೆ ಸುತ್ತಿನ ಯಾವ ಜಾಗದಲ್ಲಿದ್ರೂ ಗಾಳಿಯನ್ನ ಹೆಚ್ಚುಕಮ್ಮಿ ಒಂದೇ ಕೋನದಲ್ಲಿ ನೋಡತ್ತೆ, ಬಲ ಒಂದೇ ಕಡೆಗೆ. ನಿಂತ ಅಚ್ಚಿನ ರೆಕ್ಕೆ ಹಾಗಲ್ಲ. ಅರ್ಧ ಸುತ್ತು ಗಾಳಿ ಬರೋ ಕಡೆ ಇರತ್ತೆ, ಆಗ ಅದರ ಹೊರಮೈಗೆ ಗಾಳಿ ಬಡಿಯತ್ತೆ, ಇನ್ನರ್ಧ ಸುತ್ತು ಗಾಳಿ ಹೋಗೋ ಕಡೆ ಇರತ್ತೆ, ಆಗ ಒಳಮೈಗೆ. ಅಂದ್ರೆ ಒಂದೊಂದು ಸುತ್ತಿಗೂ ರೆಕ್ಕೆ ಒಂದ್ಸಲ ಒಳಕ್ಕೆ ಒಂದ್ಸಲ ಹೊರಕ್ಕೆ ಬಾಗತ್ತೆ, ಅದೂ ಹಿಂದಿನ ಅರ್ಧದಲ್ಲಿ ಮುಂದಿನ ರೆಕ್ಕೆ ಕಲಕಿ ಬಿಟ್ಟ ಗಾಳಿಯಲ್ಲೇ ಓಡ್ಬೇಕು. ನಿಮಿಷಕ್ಕೆ 50 ಸುತ್ತು ಅಂತ ಇಟ್ಕೊಂಡು ಲೆಕ್ಕ ಹಾಕಿ, ಒಂದು ವರ್ಷಕ್ಕೆ ಎರಡೂವರೆ ಕೋಟಿ ಸಲ ಮೇಲೆ ಬಾಗಿ ನೆಟ್ಟಗಾಗಿರತ್ತೆ. ಸ್ಟೀಲಿಗೆ ಒಂದು ಮಿತಿಯೊಳಗೆ ಎಷ್ಟು ಸಲ ಬಾಗಿಸಿದ್ರೂ ತಡ್ಕೊಳ್ಳೋ ಗುಣ ಇದೆ, ಅಲ್ಯುಮಿನಿಯಂಗೆ ಆ ಗುಣ ಇಲ್ಲ, ಇವತ್ತಲ್ಲ ನಾಳೆ ಬಿರುಕು ಗ್ಯಾರಂಟಿ. ಅಷ್ಟರಲ್ಲಿ ಡೆನ್ಮಾರ್ಕಿನವರು ಮೂರು ರೆಕ್ಕೆಯ ಮಲಗಿದ ಅಚ್ಚಿನ ಯಂತ್ರವನ್ನ ವರ್ಷದಿಂದ ವರ್ಷಕ್ಕೆ ದೊಡ್ಡದು ಮಾಡ್ತಾ, ಅಗ್ಗ ಮಾಡ್ತಾ ಬಂದ್ರು, ಮಾರ್ಕೆಟ್ಟು ಆ ಕಡೆ ಹೋಯ್ತು. ಭಾರತದಲ್ಲಿ 2025ರಲ್ಲಿ ಗಾಳಿ ವಿದ್ಯುತ್ ಸಾಮರ್ಥ್ಯ 50,000 ಮೆಗಾವ್ಯಾಟ್ ದಾಟಿತಲ್ಲ, ಗ್ರಿಡ್ಡಿಗೆ ಸೇರೋ ಆ ಯಂತ್ರಗಳೆಲ್ಲ ಮಲಗಿದ ಅಚ್ಚಿನವೇ.

ನಮ್ಮವರೂ ಇದರಲ್ಲಿ ಕೈ ಹಾಕಿದಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1970ರ ದಶಕದ ಕೊನೆಯಲ್ಲಿ ಟಾಟಾ ಇನ್ಸ್ಟಿಟ್ಯೂಟಲ್ಲಿ, ಅಂದ್ರೆ ಐಐಎಸ್ಸಿಯಲ್ಲಿ, ಎಸ್.ಪಿ. ಗೋವಿಂದರಾಜು ಮತ್ತೆ ರೊದ್ದಂ ನರಸಿಂಹ ಸೇರಿ ಹಾಯಿಬಟ್ಟೆ ಕಟ್ಟಿದ ಒಂದು ಸವೋನಿಯಸ್ ಮಾಡಿದ್ರು, ನೀರೆತ್ತೋಕೆ, ಕಮ್ಮಿ ಖರ್ಚಲ್ಲಿ. ವಿಮಾನದ ಸುತ್ತ ಗಾಳಿ ಹೇಗೆ ಹರಿಯತ್ತೆ ಅಂತ ಓದಿದವರು ರೈತನ ಬಾವಿ ಹತ್ರ ಬಟ್ಟೆ ಕಟ್ಟಿ ಗಾಳಿ ಹಿಡಿಯೋಕೆ ಹೊರಟಿದ್ದು ಅಂದ್ರೆ ನಂಗೆ ಈಗ್ಲೂ ಖುಷಿ. ಆಯ್ಕೆನೂ ಸರಿಯಾಗಿದೆ ನೋಡಿ: ಪಂಪಿಗೆ ಬೇಕಿರೋದು ವೇಗ ಅಲ್ಲ, ಎಳೆಯೋ ಬಲ, ಅದೂ ಕಮ್ಮಿ ಗಾಳಿಯಲ್ಲಿ, ಸವೋನಿಯಸ್ ಕೊಡೋದು ಅದನ್ನೇ. ಕರೆಂಟ್ ಬೇಡ, ಬ್ಯಾಟರಿ ಬೇಡ, ಗಾಳಿ ಇದ್ದಾಗ ನೀರು ತೊಟ್ಟಿಗೆ ಬಿದ್ರೆ ಆಯ್ತು. ಈಗ ಆ ಜಾಗಕ್ಕೆ ಸೋಲಾರ್ ಪಂಪ್ ಬಂದಿದೆ, ಬೋರ್ವೆಲ್ಲೂ ಸಾವಿರ ಅಡಿ ಇಳಿದಿದೆ, ಅದು ಬೇರೆ ದುಃಖ.

ಈಚೆಗೆ ಇದು ಮತ್ತೆ ತಲೆ ಎತ್ತಿರೋದು ಎರಡು ಕಡೆ. ಒಂದು, ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಜಾನ್ ಡಬೀರಿ ಅನ್ನೋರು ಮೀನಿನ ಹಿಂಡು ಈಜೋ ರೀತಿ ನೋಡಿ, ಎದುರುಬದುರು ತಿರುಗೋ ಸಣ್ಣ ಯಂತ್ರಗಳನ್ನ ಒತ್ತೊತ್ತಾಗಿ ಇಟ್ರೆ ಒಂದಕ್ಕೊಂದು ಅಡ್ಡಿ ಆಗೋ ಬದ್ಲು ಸಹಾಯ ಆಗತ್ತೆ ಅಂತ 2011ರಲ್ಲಿ ಅಳೆದು ತೋರ್ಸಿದ್ರು. ಗುಡ್ಡದ ಫ್ಯಾನುಗಳಿಗೆ ಒಂದರಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರಿಗೂ ಜಾಸ್ತಿ ದೂರ ಬೇಕು, ಇಲ್ಲಿ ಆ ಮಧ್ಯದ ಜಾಗ ಉಳಿಯತ್ತೆ. ಇನ್ನೊಂದು ಸಮುದ್ರ, ನಂಗೆ ನಿಜವಾದ ಆಸೆ ಇರೋದು ಇದರ ಮೇಲೆ. ಆಳ ಸಮುದ್ರದಲ್ಲಿ ತೇಲೋ ಯಂತ್ರ ನಿಲ್ಲಿಸ್ಬೇಕಂದ್ರೆ ನೂರಾರು ಟನ್ ಭಾರ ನೆತ್ತಿ ಮೇಲಿಟ್ಕೊಂಡು ಅಲೆಯಲ್ಲಿ ಓಲಾಡೋದು ಕಷ್ಟ, ನಿಂತ ಅಚ್ಚಿನದ್ದಾದ್ರೆ ಜನರೇಟರ್ ನೀರಿನ ಮಟ್ಟದಲ್ಲೇ ಇರತ್ತೆ, ಸ್ವಲ್ಪ ವಾಲಿದ್ರೂ ನಡೆಯತ್ತೆ. ಸ್ವೀಡನ್ನಿನ ಸೀಟ್ವರ್ಲ್ ಅನ್ನೋ ಕಂಪನಿ 2015ರಲ್ಲಿ ಲೀಸೆಶಿಲ್ ಹತ್ರ 30 ಕಿಲೋವ್ಯಾಟಿಂದು ಒಂದನ್ನ ಸಮುದ್ರದಲ್ಲಿ ತೇಲಿಬಿಡ್ತು. ನೆಲದ ಮೇಲೆ ಬೇರಿಂಗಿನ ಮೇಲೆ ಬೀಳ್ತಿದ್ದ ಭಾರವನ್ನ ಅಲ್ಲಿ ನೀರೇ ಹೊರತ್ತೆ. ಇನ್ನೂ ಸಣ್ಣದು, ಆದ್ರೆ ಏಓಲನ್ನ ಕೊಂದ ಕಾಯಿಲೆಗೇ ನೇರ ಕೈ ಹಾಕಿದೆ ಅಂತ ಅನ್ಸತ್ತೆ.

ಇಷ್ಟೆಲ್ಲ ಓದಿ ಆದ್ಮೇಲೂ ಹಾಕ್ಸಲೇಬೇಕು ಅನ್ನೋರಿಗೆ: ನಿಮ್ಮದು ಊರಾಚೆ ತೋಟದ ಮನೆ, ಗುಡ್ಡದ ಅಂಚು ಅಥವಾ ಕಡಲ ದಂಡೆ, ಕರೆಂಟ್ ಲೈನ್ ಇಲ್ಲ, ಬ್ಯಾಟರಿ ಇದೆ, ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣಲ್ಲ ಅಂದ್ರೆ ಸೋಲಾರಿನ ಜೊತೆಗೆ ಒಂದು ಸಣ್ಣದಿರ್ಲಿ, ನಮ್ಮಲ್ಲಿ ಬಿಸಿಲು ಕಮ್ಮಿಯಾಗೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಗಾಳಿ ಜೋರು. ಮನೆ ಮೇಲೆ ಮಾತ್ರ ಬೇಡ, ಬೇರೆ ಕಂಬ ನೆಡಿ, ಸುತ್ತಲಿನ ಮರಗಳಿಗಿಂತ ಚೆನ್ನಾಗಿ ಎತ್ತರಕ್ಕೆ. ಅದಕ್ಕೂ ಮುಂಚೆ ಗಾಳಿ ಅಳೆಯೋ ಬಟ್ಟಲು ಮೀಟರ್ ಒಂದನ್ನ ಅದೇ ಎತ್ತರದಲ್ಲಿ ಕಟ್ಟಿ ಒಂದು ಮಳೆಗಾಲ, ಒಂದು ಚಳಿಗಾಲ ನೋಡಿ. ಮಾರೋಕೆ ಬಂದವರ ಹತ್ರ ಎಷ್ಟು ವ್ಯಾಟ್ ಅಂತ ಕೇಳ್ಬೇಡಿ, ಅಗಲ ಎಷ್ಟು ಎತ್ತರ ಎಷ್ಟು ಅಂತ ಕೇಳಿ, 4 ಮೀಟರ್ ಗಾಳಿಯಲ್ಲಿ ಎಷ್ಟು ಬರತ್ತೆ ಅಂತ ಕೇಳಿ, ವರ್ಷಕ್ಕೆ ಇಷ್ಟು ಯೂನಿಟ್ ಬರತ್ತೆ ಅಂತ ಲೆಟರ್‌ಹೆಡ್ ಮೇಲೆ ಬರ್ದು ಸೀಲ್ ಹಾಕಿ ಕೊಡ್ತೀರಾ ಅಂತ ಕೇಳಿ.